ರಾಗಿಕಲ್ಲು ಕಲಿಸಿದ ಉತ್ತರ

ಹೋದ ಭಾನುವಾರ ನನ್ನ ಮೊಮ್ಮಗಳು ಪೂಜೆಯಲ್ಲಿ ಗಂಟೆ ಹೊಡೆದಳು. ಹನ್ನೊಂದು ವರ್ಷದ ಹುಡುಗಿ. ಬಿಳಿ ನಿಲುವಂಗಿ ಹಾಕಿಕೊಂಡು ಪೀಠದ ಮೆಟ್ಟಿಲ ಮೇಲೆ ಮೊಣಕಾಲೂರಿ ಕೂತು, ಆ ಗಂಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು ನೋಡಿ, ನನಗೆ ತಲೆ ತಗ್ಗಿಸಬೇಕು ಅನ್ನುವುದೇ ಮರೆತುಹೋಯಿತು. ಇಡೀ ಚರ್ಚು ತಲೆ ಬಗ್ಗಿಸಿದ್ದರೆ ನಾನೊಬ್ಬಳು ಕತ್ತು ಚಾಚಿಕೊಂಡು ಅವಳನ್ನೇ ನೋಡುತ್ತಿದ್ದೆ. ಪಕ್ಕದ ಹೆಂಗಸನ್ನು ಮೊಣಕೈಯಲ್ಲಿ ತಿವಿದು, "ಅವಳು ನನ್ ಮೊಮ್ಮಗಳು ಕಣಮ್ಮ" ಅಂದೆ.

"ಗೊತ್ತು ಅಜ್ಜಿ. ಆಗ್ಲೇ ಮೂರು ಸಲ ಹೇಳಿದ್ರಿ" ಅಂದಳು ಆಕೆ.

ಹೇಳಿದರೆ ಹೇಳಿದೆ. ನಾಲ್ಕನೇ ಸಲವೂ ಹೇಳುತ್ತೇನೆ.

ಪೂಜೆ ಮುಗಿದ ಮೇಲೆ ಹುಡುಗಿ ಓಡಿಬಂದು, "ಅಜ್ಜಿ, ನಿನ್ ಕಾಲದಲ್ಲಿ ಹುಡ್ಗೀರು ಗಂಟೆ ಹೊಡೀತಿರ್ಲಿಲ್ವಾ?" ಅಂತ ಕೇಳಿದಳು. ಗಂಟೆ ಮುಟ್ಟುವುದಿರಲಿ, ಪೀಠದ ಮುಂದಿನ ಕಟಕಟೆ ದಾಟಿ ಒಳಗೆ ಕಾಲಿಡುವ ಹಾಗಿರಲಿಲ್ಲ, ಅಂದೆ. "ಆದ್ರೆ ಪೂಜೆಗೆ ಉತ್ತರ ಕೊಟ್ಟಿದ್ದು ಮಾತ್ರ ನಾನೇ ಕಣೆ. ಲ್ಯಾಟಿನ್‌ನಲ್ಲಿ." ಅವಳು ನಂಬಲಿಲ್ಲ. "ನೀನು ಓದಿದ್ದೇ ಮೂರನೇ ಕ್ಲಾಸು!" ಅಂದಳು. ಅದಕ್ಕೇ ಅವಳದೇ ಹಳೆಯ ನೋಟುಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ ಇದನ್ನು ಬರೆಯುತ್ತಿದ್ದೇನೆ. ತಪ್ಪಿದ್ದರೆ ಅವಳೇ ತಿದ್ದಿಕೊಳ್ಳಲಿ.

ಅದು ಯುದ್ಧದ ಕಾಲ. ಸಾವಿರದ ಒಂಬೈನೂರ ನಲವತ್ತು ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ನನಗೆ ಹದಿನೇಳು. ನೆಲಮಂಗಲದಾಚೆ ಒಂದು ಸಣ್ಣ ಊರಿಗೆ ನನ್ನನ್ನು ಕೊಟ್ಟಿದ್ದರು. ಬೆಳಗ್ಗೆ ಬಾಗಿಲು ತೆಗೆದರೆ ಶಿವಗಂಗೆ ಬೆಟ್ಟ ಎದುರಿಗೆ ಬಂದು ನಿಂತ ಹಾಗೆ ಕಾಣುತ್ತಿತ್ತು. ಊರಿನ ಮುಕ್ಕಾಲು ಪಾಲು ಗೌಡರ ಮನೆಗಳು. ಕೆರೆ ಏರಿಯ ಈಚೆಗೆ ಹದಿನಾಲ್ಕು ಮನೆ ನಾವು ಕ್ರೈಸ್ತರು. ಬೆಳೆಯುತ್ತಿದ್ದದ್ದು ಎಲ್ಲರೂ ಒಂದೇ, ರಾಗಿ, ಅವರೆ, ಹುಚ್ಚೆಳ್ಳು. ದೇವರ ಮನೆ ಮಾತ್ರ ಬೇರೆ. ನಮ್ಮದು ಮಣ್ಣಿನ ಗೋಡೆಯ, ನಾಡಹೆಂಚಿನ, ಸಗಣಿ ಸಾರಿಸಿದ ನೆಲದ ಪುಟ್ಟ ಗುಡಿ. ಚರ್ಚು ಅನ್ನುವ ಮಾತು ಆಗ ನಮ್ಮ ಕೇರಿಯಲ್ಲಿ ಬಳಕೆಯಲ್ಲಿರಲಿಲ್ಲ, ಗುಡಿ ಅನ್ನುತ್ತಿದ್ದೆವು. ಅದರ ಗೋಡೆಗೆ ನನ್ನ ಅತ್ತೆ ಬಸುರಿಯಾಗಿದ್ದಾಗ ಮಣ್ಣು ಹೊತ್ತಿದ್ದರಂತೆ. ಆಗ ಹೊಟ್ಟೆಯಲ್ಲಿದ್ದದ್ದು ನನ್ನ ಗಂಡ.

ತಿಂಗಳಿಗೊಂದು ಭಾನುವಾರ ಪೇಟೆಯಿಂದ ಪಾದ್ರಿ ಸ್ವಾಮಿಗಳು ಬರುತ್ತಿದ್ದರು. ಹದಿನಾಲ್ಕು ಮೈಲಿ ಸೈಕಲ್ ತುಳಿದುಕೊಂಡು. ಹೊರದೇಶದವರು, ಎದೆ ಮುಟ್ಟುವ ಬಿಳಿ ಗಡ್ಡ. ಮೊದಲು ತಮಿಳು ಸೀಮೆಯಲ್ಲಿದ್ದವರಾದ್ದರಿಂದ ಕನ್ನಡದ ನಡುವೆ ತಮಿಳು ಇಣುಕುತ್ತಿತ್ತು. ಪೂಜೆ ಆಗುವವರೆಗೆ ಅವರೂ ಒಂದು ಗುಟುಕು ನೀರು ಕುಡಿಯುವಂತಿರಲಿಲ್ಲ, ಪ್ರಸಾದ ತೆಗೆದುಕೊಳ್ಳುವ ನಾವೂ ಕುಡಿಯುವಂತಿರಲಿಲ್ಲ. ಹಿಂದಿನ ದಿನದ ಊಟವೇ ಕಡೆ.

ಆಗಿನ ಪೂಜೆ ಈಗಿನ ಹಾಗಲ್ಲ. ಸ್ವಾಮಿಗಳು ನಮಗೆ ಬೆನ್ನು ಕೊಟ್ಟು ಪೀಠದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಮಾತೆಲ್ಲ ಲ್ಯಾಟಿನ್. ಅದರಲ್ಲೂ ಅರ್ಧ ಪಿಸುಮಾತು. ಅವರು ಒಂದು ಮಾತು ಹೇಳಿದರೆ ಅದಕ್ಕೆ ಸರಿಯಾದ ಉತ್ತರವನ್ನು ಒಬ್ಬ ಗಂಡಸು ಕಟಕಟೆಯೊಳಗೆ ಮೊಣಕಾಲೂರಿ ಲ್ಯಾಟಿನ್‌ನಲ್ಲೇ ಹೇಳಬೇಕು. ಆ ಒಬ್ಬನ ಉತ್ತರವೇ ನಮ್ಮೆಲ್ಲರ ಉತ್ತರ. ಅವನಿಲ್ಲದಿದ್ದರೆ ಪೂಜೆಯೇ ಇಲ್ಲ. ಮತ್ತೆ ನಾವು? ನಾವು ಚಾಪೆಯ ಮೇಲೆ ಕೂತು, ಗಂಡಸರು ಆ ಕಡೆ, ಹೆಂಗಸರು ಈ ಕಡೆ, ಕನ್ನಡದಲ್ಲಿ ಜಪಸರ ಹೇಳುತ್ತಿದ್ದೆವು. ಅವರ ಪೂಜೆ ಅವರಿಗೆ, ನಮ್ಮ ಜಪ ನಮಗೆ. ಗಂಟೆ ಬಾರಿಸಿದಾಗ ಮಾತ್ರ ಎರಡೂ ಒಂದಾಗುತ್ತಿದ್ದವು. ಗಂಟೆ ಕೇಳಿದರೆ ಮಣಿ ಎಣಿಸುವ ಬೆರಳು ನಿಲ್ಲಬೇಕು, ತಲೆ ಬಗ್ಗಬೇಕು. ನಮ್ಮ ಅತ್ತೆ ಜಪ ಹೇಳುತ್ತಲೇ ತೂಕಡಿಸುತ್ತಿದ್ದರು, ಗಂಟೆಗೆ ಸರಿಯಾಗಿ ಎಚ್ಚರವಾಗುತ್ತಿದ್ದರು. ಒಂದು ದಿನವೂ ತಪ್ಪಿದವರಲ್ಲ.

ಉತ್ತರ ಹೇಳಲು ನಮ್ಮ ಕೇರಿಯಲ್ಲಿ ಮೂವರಿದ್ದರು. ಒಬ್ಬ ಯುದ್ಧದ ಪಟಾಲಮ್ಮಿಗೆ ಸೇರಿ ಎಲ್ಲಿಗೋ ಹೋದ. ಇನ್ನೊಬ್ಬ ಬೆಂಗಳೂರಿನಲ್ಲಿ ವಿಮಾನ ರಿಪೇರಿ ಮಾಡುವ ಕೆಲಸಕ್ಕೆ ಸೇರಿದ, ಭಾನುವಾರವೂ ರಜೆಯಿಲ್ಲ. ಉಳಿದವರು ನಮಗೆಲ್ಲ ಜಪ ಕಲಿಸುತ್ತಿದ್ದ ಮುದುಕ ಉಪದೇಶಿಗಳು. ಅವರಿಗೆ ಆ ಮಳೆಗಾಲದಲ್ಲಿ ಪಾರ್ಶ್ವವಾಯು ಹೊಡೆದು ಮಾತೇ ನಿಂತುಹೋಯಿತು. ಮುಂದಿನ ಪೂಜೆಯ ಭಾನುವಾರ ಸ್ವಾಮಿಗಳು ಬಂದರು, ಸೈಕಲ್ ಒರಗಿಸಿದರು, ಪಾಪನಿವೇದನೆ ಕೇಳಿದರು, ಪೂಜೆಯ ವಸ್ತ್ರವಿದ್ದ ಪೆಟ್ಟಿಗೆ ತೆರೆಯಲು ಹೋಗಿ ಕೈ ತಡೆದು ಕೇಳಿದರು, "ಇವತ್ತು ಉತ್ತರ ಯಾರು?"

ಅಷ್ಟು ಗಂಡಸರಿದ್ದರು, ನೇಗಿಲು ಹಿಡಿಯುವವರು, ಎತ್ತು ಕಟ್ಟಿ ಬಾವಿಯ ಕಪಿಲೆ ಹೊಡೆಯುವವರು. ಎಲ್ಲರೂ ನೆಲ ನೋಡುತ್ತಿದ್ದರು.

ಅವತ್ತು ಪೂಜೆ ಆಗಲಿಲ್ಲ. ಹದಿನಾಲ್ಕು ಮನೆಯವರೂ ಹಸಿದ ಹೊಟ್ಟೆಯಲ್ಲೇ ಎದ್ದು ಮನೆಗೆ ಹೋದೆವು. ಸ್ವಾಮಿಗಳು ನಮ್ಮ ಮನೆಯಲ್ಲೇ ಊಟಕ್ಕೆ ಕೂತರು. ಮುದ್ದೆ ಮುರಿಯುತ್ತಾ, ಬೇಜಾರಿನಿಂದಲೇ ಹೇಳಿದರು, "ನಾನೇನು ಮಾಡಲಿ ಅಮ್ಮಾ? ಬರುವ ತಿಂಗಳೂ ಯಾರೂ ಇಲ್ಲದಿದ್ದರೆ ನಾನು ಇಲ್ಲಿಗೆ ಬಂದು ಪ್ರಯೋಜನ ಇಲ್ಲೆ. ನೀವೆಲ್ಲ ಪೇಟೆಗೆ ಬಂದುಬಿಡಿ."

ಅತ್ತೆ ಸಾರು ಬಡಿಸುತ್ತಿದ್ದವರು ಹಾಗೇ ನಿಂತರು. ಬಾವಿಯ ಮೆಟ್ಟಿಲ ಮೇಲೆ ಬಿದ್ದಾಗಿನಿಂದ ಅವರ ಎರಡು ಮೊಣಕಾಲೂ ಹಿಡಿದುಕೊಂಡಿದ್ದವು. ಮನೆಯಿಂದ ಗುಡಿಗೆ ನಲವತ್ತು ಹೆಜ್ಜೆ, ಅಷ್ಟೇ ಅವರ ಲೋಕ. ಗಾಡಿಯಲ್ಲಿ ಹೋಗಬಹುದಲ್ಲ ಅಂದರೆ, ಒಂದು ಸಲ ಹೋಗಿಯೂ ನೋಡಿದ್ದರು. ಹದಿನಾಲ್ಕು ಮೈಲಿ ಕುಲುಕಾಟಕ್ಕೆ ಮಂಡಿ ಕುಂಬಳಕಾಯಿಯಂತೆ ಬಾತು ಮೂರು ವಾರ ಮೇಲೇಳಲಿಲ್ಲ. ಗುಡಿಯ ಪೂಜೆ ನಿಂತರೆ ಅತ್ತೆಗೆ ಪ್ರಸಾದ ನಿಂತ ಹಾಗೆ. ಅವರು, ಸ್ವಾಮಿಗಳು ಹೋದ ಮೇಲೆ ಒಲೆಯ ಮುಂದೆ ಕೂತು, "ಗ್ವಾಡೆಗೆ ಮಣ್ ಹೊತ್ತೋಳು ನಾನು. ನನ್ ಬಿಟ್ಟು ದೇವ್ರು ಪ್ಯಾಟೆಗೆ ಹೋಯ್ತಾನಂತೆ" ಅಂದರು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಈಗ ನನ್ನ ಗುಟ್ಟು ಹೇಳಬೇಕು.

ನನ್ನ ತವರು ದೊಡ್ಡಬಳ್ಳಾಪುರದ ಕಡೆ. ನನ್ನ ಅಪ್ಪ ಅಲ್ಲಿಯ ದೊಡ್ಡ ಗುಡಿಯಲ್ಲಿ ಗಂಟೆ ಹೊಡೆಯುವವರು, ಪೀಠ ಜೋಡಿಸುವವರು. ನನ್ನ ಇಬ್ಬರು ಅಣ್ಣಂದಿರಿಗೆ ದಿನವೂ ಸಂಜೆ ಪೂಜೆಯ ಉತ್ತರ ಬಾಯಿಪಾಠ ಮಾಡಿಸುತ್ತಿದ್ದರು. ಅಪ್ಪ ಸ್ವಾಮಿಗಳ ಮಾತು ಹೇಳುವುದು, ಅಣ್ಣಂದಿರು ಉತ್ತರ ಹೇಳುವುದು, ತಪ್ಪಿದರೆ ಕಿವಿ ಹಿಂಡಿಸಿಕೊಳ್ಳುವುದು. ನಾನು ಅದೇ ಪಡಸಾಲೆಯ ಮೂಲೆಯಲ್ಲಿ ರಾಗಿ ಬೀಸುತ್ತಿದ್ದೆ. ಕಲ್ಲು ಒಂದು ಸುತ್ತು ಬಂದರೆ ಒಂದು ಮಾತು. ಉದ್ದದ ಪ್ರಾರ್ಥನೆಗೆ ಹನ್ನೆರಡು ಸುತ್ತು. ಅಣ್ಣಂದಿರು ಮರೆತರು, ನಾನು ಮರೆಯಲಿಲ್ಲ. ಒಂದು ಸಲ ಅಣ್ಣ ತಡವರಿಸಿದಾಗ ನಾನು ಮೂಲೆಯಿಂದ ಹೇಳಿಬಿಟ್ಟೆ. ಅಪ್ಪ ತಿರುಗಿ ನೋಡಿ, "ಹೆಣ್ಮಕ್ಕಳ ಬಾಯಲ್ಲಿ ಅದು ಬರಕೂಡ್ದು. ನೀನು ರಾಗಿ ನೋಡು" ಅಂದರು. ಅಂದಿನಿಂದ ಬಾಯಿ ತೆರೆಯದೆ, ಕಲ್ಲಿನ ಸದ್ದಿನ ಒಳಗೇ ಹೇಳಿಕೊಳ್ಳುತ್ತಿದ್ದೆ. ಮದುವೆಯಾಗಿ ಬಂದ ಮೇಲೂ ಕೋಳಿ ಕೂಗುವ ಹೊತ್ತಿಗೆ ಕಲ್ಲಿನ ಮುಂದೆ ಕೂತರೆ ಅದೇ ಬರುತ್ತಿತ್ತು. ಬೇರೆಯವರಿಗೆ ಬೀಸುವ ಪದ ಇದ್ದ ಹಾಗೆ ನನಗೆ ಅದು.

ಪೂಜೆ ನಡೆಯದ ಆ ಭಾನುವಾರದ ಮಾರನೆಯ ಬೆಳಗ್ಗೆ ನನ್ನ ದನಿ ಸ್ವಲ್ಪ ಮೇಲೆದ್ದಿರಬೇಕು. ತಲೆಯೆತ್ತಿದರೆ ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾರೆ.

"ಏನೇ ಅದು? ಯಾರ್‌ನ ಬಯ್ತಾ ಇದ್ದೀಯೆ?"

"ಬಯ್ತಿಲ್ಲ ಅತ್ತೆ. ಪೂಜೆ ಉತ್ತರ."

"ಯಾವ್ ಪೂಜೆ?"

"ನಮ್ಮ ಪೂಜೇನೇ. ಸ್ವಾಮಿಗಳು ಹೇಳ್ತಾರಲ್ಲ, ಅದಕ್ಕೆ ಉಪದೇಶಿಗಳು ಹೇಳೋದು."

ಅತ್ತೆ ಗೋಡೆ ಹಿಡಿದುಕೊಂಡು ಮೆಲ್ಲಗೆ ಕೂತರು. ಮೊದಲಿಂದ ಕೊನೆಯವರೆಗೆ ಹೇಳಿಸಿದರು. ರಾಗಿ ಒಂದು ಮೊರ ಹೆಚ್ಚಾಗಿಯೇ ಬೀಸಿದೆ ಅವತ್ತು. ಕೇಳಿ ಮುಗಿದ ಮೇಲೆ, "ನಿನ್ನೆ ಬಾಯಲ್ಲೇನ್ ಕಡುಬು ಇಟ್ಕೊಂಡಿದ್ಯಾ?" ಅಂದರು. ಹೆಣ್ಣು ಹೇಳಬಾರದಲ್ಲ ಅತ್ತೆ, ಅಂದೆ. ಅವರು ಯೋಚಿಸಿದರು. "ಹೆಣ್ ಹೇಳ್ಬಾರ್ದು, ಸರಿ. ಹೆಣ್ ಕಲಿಸ್ಬಾರ್ದು ಅಂತ ಯಾವನೂ ಹೇಳಿಲ್ವಲ್ಲ. ನಿನ್ ಗಂಡಂಗೆ ಕಲ್ಸು."

ಹೀಗೆ ನನ್ನ ಗಂಡ ನನಗೆ ಶಿಷ್ಯರಾದರು. ಇಪ್ಪತ್ತೆರಡರ ಆಳು, ಎರಡು ಮೂಟೆ ಒಟ್ಟಿಗೆ ಎತ್ತುವವರು, ಲ್ಯಾಟಿನ್ ಅಂದರೆ ಹುಡುಗಿಯಂತೆ ನಾಚುತ್ತಿದ್ದರು. ಸುಮ್ಮನೆ ಕೂರಿಸಿ ಹೇಳಿಕೊಡಲು ಹೋದೆ, ನನಗೇ ಬರಲಿಲ್ಲ! ಕಲ್ಲು ತಿರುಗದಿದ್ದರೆ ನನ್ನ ನಾಲಿಗೆಯೂ ತಿರುಗುತ್ತಿರಲಿಲ್ಲ. ಆದ್ದರಿಂದ ಅವರನ್ನೂ ಕಲ್ಲಿನ ಎದುರಿಗೇ ಕೂರಿಸಿದೆ. ಗೂಟಕ್ಕೆ ನನ್ನದೊಂದು ಕೈ, ಅವರದೊಂದು ಕೈ. ಸುತ್ತಿಗೊಂದು ಮಾತು. ಸರಾಗವಾಗಿ ಬಂತು. ಹದಿನೈದು ದಿನಕ್ಕೆ ಅರ್ಧ, ತಿಂಗಳಿಗೆ ಪೂರ್ತಿ. ಗೌಡರ ಮನೆಯ ಹೆಂಗಸೊಬ್ಬಳು ಮಜ್ಜಿಗೆ ಕೊಡಲು ಬಂದವಳು ಇದನ್ನು ನೋಡಿಬಿಟ್ಟಳು.

"ಅಯ್ಯೋ ನೋಡ್ರವ್ವ! ಗಂಡ್ಸು ರಾಗಿ ಬೀಸ್ತಾನೆ! ಏನ್ ಮದ್ದಾಕಿದ್ದೀಯೆ ಹೆಣ್ಣೆ? ನಂಗೂ ಚೂರು ಕೊಡು, ನಮ್ಮೋನ್ಗೂ ಹಾಕ್ತೀನಿ."

ಊರೆಲ್ಲ ನಕ್ಕಿತು. ನನ್ನ ಗಂಡ ಎರಡು ದಿನ ಕೆರೆಯ ಕಡೆ ಹೋಗಲಿಲ್ಲ. ಆದರೆ ಕಲ್ಲಿನ ಮುಂದೆ ಕೂರುವುದನ್ನು ಬಿಡಲಿಲ್ಲ. ಅವರ ತಾಯಿಯ ಪ್ರಸಾದ ಅದರಲ್ಲಿತ್ತಲ್ಲ.

ಆ ಭಾನುವಾರ ಬಂತು. ಗುಡಿ ತುಂಬಿತ್ತು. ಗುಡಿಯ ಬೀಗದಕೈ ದೊಡ್ಡಯ್ಯನ ಹತ್ತಿರ. ದೊಡ್ಡಯ್ಯ ಅಂದರೆ ನಮ್ಮ ಮಾವನ ಅಣ್ಣ, ಕೇರಿಗೆಲ್ಲ ಹಿರಿಯರು, ಎಪ್ಪತ್ತು ದಾಟಿದವರು. ಬೀಗದಕೈ ಯಾವಾಗಲೂ ಅವರ ಉಡಿದಾರದಲ್ಲಿ. ಅವರೇ ಬಾಗಿಲು ತೆರೆದರು. ಉತ್ತರ ಹೇಳಲು ಆಳು ಸಿದ್ಧ ಅಂತ ಕೇಳಿ ಸ್ವಾಮಿಗಳ ಮುಖ ಅರಳಿತು. ವಸ್ತ್ರ ತೊಟ್ಟು ಬಂದು ಮೆಟ್ಟಿಲ ಬುಡದಲ್ಲಿ ನಿಂತರು. ನನ್ನ ಗಂಡ ಒಗೆದ ಪಂಚೆ ಉಟ್ಟು ಅವರ ಪಕ್ಕ ಮೊಣಕಾಲೂರಿದರು. ಹೆಂಗಸರ ಸಾಲಿನಲ್ಲಿ ನಾನು ಎಲ್ಲರಿಗಿಂತ ಮುಂದೆ, ಕಟಕಟೆಗೆ ತಾಗಿಕೊಂಡೇ ಕೂತಿದ್ದೆ. ನನ್ನ ಹಿಂದೆ ಅತ್ತೆ.

ಸ್ವಾಮಿಗಳು ಶಿಲುಬೆ ಗುರುತು ಹಾಕಿ ಮೊದಲ ಮಾತು ಹೇಳಿದರು.

ಉತ್ತರವಿಲ್ಲ.

ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದರು. ನನ್ನ ಗಂಡನ ಕಿವಿಗಳು ಹಿಂದಿನಿಂದ ನೋಡಿದರೆ ಕೆಂಡದ ಹಾಗಿದ್ದವು. ಕತ್ತಿನ ನರ ಎದ್ದಿತ್ತು. ಬಾಯಿ ತೆರೆದಿದ್ದರು ಅಂತ ಕಾಣುತ್ತದೆ, ದನಿಯೇ ಇಲ್ಲ. ಆಗ ನನ್ನ ಕಣ್ಣು ಅವರ ಬಲಗೈಯ ಮೇಲೆ ಬಿತ್ತು. ಆ ಕೈ ತೊಡೆಯ ಪಕ್ಕ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು, ಬೆರಳು ಮಡಿಸಿಕೊಂಡು. ಅದು ರಾಗಿಕಲ್ಲಿನ ಗೂಟ ಹುಡುಕುತ್ತಿತ್ತು!

ಅಯ್ಯೋ ನಮ್ಮ ದಡ್ಡತನವೇ. ಒಂದು ತಿಂಗಳು ಕಲ್ಲಿನ ಮುಂದೆ ಕಲಿಸಿದೆ, ಗುಡಿಯಲ್ಲಿ ಕಲ್ಲಿರುವುದಿಲ್ಲ ಅಂತ ಒಂದು ದಿನ ನೆನೆಯಲಿಲ್ಲ.

ನನ್ನ ಹಿಂದೆ ಅತ್ತೆಯ ಜಪಸರ ನಿಂತಿತು. ಮಣಿಗೆ ಮಣಿ ತಾಗುವ ಆ ಸಣ್ಣ ಸದ್ದು ನಿಂತದ್ದು ನನಗೆ ಕೇಳಿಸಿತು. ಸ್ವಾಮಿಗಳು ಪೂಜೆ ಬಿಟ್ಟು ನಮ್ಮ ಕಡೆ ತಿರುಗಿದರೆ ಮುಗಿಯಿತು. ನಾನು ಅಪ್ಪನ ಮಾತನ್ನೂ ನೆನೆಯಲಿಲ್ಲ, ಸರಿ ತಪ್ಪನ್ನೂ ನೆನೆಯಲಿಲ್ಲ. ಬಲ ಅಂಗೈಯನ್ನು ಸಾರಿಸಿದ ನೆಲದ ಮೇಲೆ ಊರಿ ತಿರುಗಿಸತೊಡಗಿದೆ. ಒಂದು ಸುತ್ತು. ಬಾಯಿಗೆ ಮಾತು ಬಂತು. ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ.

ಸ್ವಾಮಿಗಳ ಬೆನ್ನು ಅಲ್ಲಾಡಲಿಲ್ಲ. ಜಪಸರದ ಒಂದು ನಮೋ ಮರಿಯ ಹೇಳುವಷ್ಟು ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಮುಂದಿನ ಮಾತು ಹೇಳಿದರು. ನಾನು ಮುಂದಿನ ಸುತ್ತು ತಿರುಗಿಸಿದೆ.

ನನ್ನ ದನಿ ಕೇಳಿದ್ದೇ ನನ್ನ ಗಂಡನಿಗೆ ಜೀವ ಬಂತು. ತುಟಿ ನನ್ನ ಜೊತೆ ಅಲ್ಲಾಡತೊಡಗಿತು. ಪುಸ್ತಕವನ್ನು ಬಲದಿಂದ ಎಡಕ್ಕೆ ಒಯ್ದಿಡುವುದು, ಸ್ವಾಮಿಗಳ ಕೈಗೆ ನೀರು ಹಾಕುವುದು, ಗಂಟೆ ಹೊಡೆಯುವುದು, ಕೈಕೆಲಸವನ್ನೆಲ್ಲ ತಪ್ಪಿಲ್ಲದೆ ಮಾಡಿದರು. ಬಾಯಿ ನನ್ನದು, ಕೈ ಅವರದು. ನಡುವೆ ದೊಡ್ಡಯ್ಯ ಗಂಡಸರ ಸಾಲಿನಿಂದ ಎದ್ದು ನಿಂತು ಗಂಟಲು ಕೆರೆದರು. ಹಿಂದಿನಿಂದ ಅತ್ತೆಯ ಪಿಸುಮಾತು ಚಾಟಿಯ ಹಾಗೆ ಹೋಯಿತು, "ಕೂತ್ಕೊಳ್ಳಿ ಭಾವ, ಪೂಜೆ ನಡೀತೈತೆ!" ದೊಡ್ಡಯ್ಯ ಕೂತರು. ಅತ್ತೆ ಪ್ರಸಾದ ತೆಗೆದುಕೊಂಡರು. ಅವರಿಗೆ ಕಟಕಟೆಯವರೆಗೆ ಬರಲಾಗದೆ ಸ್ವಾಮಿಗಳೇ ಎರಡು ಹೆಜ್ಜೆ ಹೊರಗೆ ಬಂದು ಕೊಟ್ಟರು.

ಪೂಜೆ ಮುಗಿದು ಹೊರಗೆ ಹೊಂಗೆ ಮರದ ಕೆಳಗೆ ಎಲ್ಲರೂ ನಿಂತ ಕೂಡಲೇ ದೊಡ್ಡಯ್ಯ ಶುರು ಮಾಡಿದರು.

"ಸ್ವಾಮಿ, ಈ ಪೂಜೆ ಸಲ್ಲಲ್ಲ. ಹೆಂಗ್ಸು ಉತ್ರ ಕೊಟ್ಟವ್ಳೆ."

ಸ್ವಾಮಿಗಳು ಮೊದಲ ಗುಟುಕು ಕಾಫಿ ಕುಡಿಯುತ್ತಿದ್ದರು. "ಸಲ್ಲುತ್ತೆ. ಕಟ್ಟಳೆಯಲ್ಲೇ ಇದೆ. ಗಂಡಸು ಯಾರೂ ಸಿಗದಿದ್ದರೆ ಹೆಂಗಸು ದೂರದಿಂದ ಉತ್ತರ ಹೇಳಬಹುದು. ಪೀಠದ ಹತ್ತಿರ ಮಾತ್ರ ಬರಕೂಡದು. ಈಕೆ ಬಂದಿಲ್ಲ."

"ಗಂಡ್ಸು ಇರ್ಲಿಲ್ಲ ಅಂತ ಹೆಂಗಂತೀರಿ? ಅಲ್ಲೇ ಕೂತಿದ್ನಲ್ಲ, ಕಂಬ್ದಂಗೆ!"

"ಇದ್ದ. ಬಾಯಿ ಇರಲಿಲ್ಲ" ಅಂದರು ಸ್ವಾಮಿಗಳು. ನನ್ನ ಗಂಡನೂ ಸೇರಿ ಎಲ್ಲರೂ ನಕ್ಕರು. ದೊಡ್ಡಯ್ಯ ನಗಲಿಲ್ಲ.

ಸ್ವಾಮಿಗಳು ನನ್ನನ್ನು ಹತ್ತಿರ ಕರೆದು, ನಾನು ಹೇಳಿದ ಮೊದಲ ಉತ್ತರದ ಅರ್ಥ ಗೊತ್ತೋ ಅಂತ ಕೇಳಿದರು. ಇಲ್ಲ ಅಂದೆ. ದೇವರ ಪೀಠದ ಹತ್ತಿರ ಹೋಗುತ್ತೇನೆ ಅಂತ ಸ್ವಾಮಿಗಳು ಹೇಳಿದರೆ, ನನ್ನ ಹರೆಯಕ್ಕೆ ಸಂತೋಷ ಕೊಡುವ ದೇವರ ಹತ್ತಿರ ಅಂತ ನಾವು ಹೇಳುವುದಂತೆ. ಎಷ್ಟು ವರ್ಷದಿಂದ ನನ್ನ ಬಾಯಲ್ಲೇ ಇತ್ತು ಅದು! ನನಗೆ ನಿಂತಲ್ಲೇ ಕುಣಿಯುವ ಹಾಗಾಯಿತು. ದೊಡ್ಡಯ್ಯ ಮಾತ್ರ, "ನಂಗೆಲ್ಲಿ ಹರೇವು? ಹಲ್ಲೇ ಇಲ್ಲ. ನಾನ್ ಅದ್ನ ಹೇಳಿದ್ರೆ ಸುಳ್ ಹೇಳ್ದಂಗೆ" ಅಂದರು.

ಸ್ವಾಮಿಗಳು ಅವರನ್ನೇ ನೋಡುತ್ತಾ ನಿಧಾನವಾಗಿ ಹೇಳಿದರು. "ಕೇಳಿ. ಉತ್ತರ ಒಬ್ಬರದ್ದಲ್ಲ, ನಿಮ್ಮೆಲ್ಲರದ್ದು. ಕೆಲವು ಕಡೆ ಜನರೆಲ್ಲ ಕೂಡಿ ಹೇಳುತ್ತಾರೆ. ನಾನು ಬಿಷಪ್ ಸ್ವಾಮಿಗಳಿಗೆ ಬರೆದು ಅಪ್ಪಣೆ ತರುತ್ತೇನೆ. ಒಂದು ಬಾಯನ್ನು ನಂಬಿ ನಾನು ಬರುವುದಿಲ್ಲ. ಒಂದು ಬಾಯಿ ಯುದ್ಧಕ್ಕೆ ಹೋಗುತ್ತೆ, ಒಂದು ಕಾಯಿಲೆ ಬೀಳುತ್ತೆ, ಒಂದು ಹೆರಿಗೆಗೆ ತವರಿಗೆ ಹೋಗುತ್ತೆ." ನಾನು ಸೆರಗು ಎಳೆದುಕೊಂಡೆ. ಮೂರು ತಿಂಗಳಷ್ಟೇ ಆಗಿತ್ತು, ಅವರಿಗೆ ಹೇಗೆ ತಿಳಿಯಿತೋ! "ಹದಿನಾಲ್ಕು ಮನೆಯ ಬಾಯಿ ಎಲ್ಲಿಗೂ ಹೋಗುವುದಿಲ್ಲ. ಬರುವ ತಿಂಗಳು ಎಲ್ಲರೂ ಹೇಳಿದರೆ, ಈ ಗುಡಿಯಲ್ಲಿ ಪೂಜೆ ಉಂಟು. ಎಲ್ಲರೂ ಅಂದರೆ ಎಲ್ಲರೂ."

"ನಾನ್ ಹೇಳಕಿಲ್ಲ" ಅಂದರು ದೊಡ್ಡಯ್ಯ. ಬೀಗ ಹಾಕಿಕೊಂಡು ಮನೆಗೆ ಹೋದರು.

ಅವರು ಬೀಗ ಹಾಕುವ ಮುಂಚೆಯೇ ಅತ್ತೆ ಗುಡಿಯೊಳಗಿಂದ ನನ್ನನ್ನು ಕೂಗಿ ಕರೆದಿದ್ದರು. ನಾನು ಕೂತಿದ್ದ ಜಾಗದಲ್ಲಿ ನೆಲ ದುಂಡಗೆ ಕೆತ್ತಿಹೋಗಿತ್ತು, ತಟ್ಟೆ ಇಟ್ಟು ಗೀರಿದ ಹಾಗೆ. "ನಿನ್ನೆ ಸಾರ್ಸಿದ್ ನೆಲ ಹೆಂಗ್ ಕೆರ್ದಿದ್ದೀಯೆ ನೋಡು, ಕೋಳಿ ಕೆರ್ದಂಗೆ" ಅಂತ ಬಯ್ದರು. ಬಯ್ಯುತ್ತಲೇ ನನ್ನ ಅಂಗೈ ತಿರುಗಿಸಿ ನೋಡಿದರು. ಚರ್ಮ ಸುಲಿದಿತ್ತು. ತಮ್ಮ ಸೆರಗಿನಿಂದ ಒರೆಸಿದರು.

ಮಾರನೆಯ ದಿನದಿಂದ ನೋಡಬೇಕಿತ್ತು ನಮ್ಮ ಕೇರಿಯನ್ನು! ಬೆಳಗಿನ ಜಾವ ನಾಲ್ಕೈದು ಮನೆಯ ಹೆಂಗಸರು ಬಂದು ನನ್ನ ಕಲ್ಲಿನ ಸುತ್ತ ಕೂತು ಕಲಿಯುವುದು, ಹೋಗಿ ತಮ್ಮ ತಮ್ಮ ಕಲ್ಲಿನ ಮುಂದೆ ಹೇಳುವುದು. ಈ ಸಲ ನಾನು ಬುದ್ಧಿ ಕಲಿತಿದ್ದೆ. ಕಡೆಯ ಹತ್ತು ದಿನ ಕಲ್ಲು ಬಿಟ್ಟು, ಕೈ ಕಟ್ಟಿಕೊಂಡು ಹೇಳಿಸಿದೆ. ಮೊದಲೆರಡು ದಿನ ಎಲ್ಲರ ಭುಜವೂ ತಾನಾಗಿ ಅಲ್ಲಾಡುತ್ತಿತ್ತು, ಆಮೇಲೆ ನಿಂತಿತು. ಗಂಡಸರು ಹೊಲದಲ್ಲಿ ಎತ್ತಿಗೆ ಹೇಳುತ್ತಾ ಕಲಿತರು. ಏರಿಯ ಮೇಲೆ ಹೋಗುವ ಗೌಡರೊಬ್ಬರು ನಮ್ಮ ಮಾವನನ್ನು ತಡೆದು, "ಏನಪ್ಪಾ, ನಿಮ್ ಕೇರಿ ಕಲ್‌ಗಳೆಲ್ಲ ಏನೋ ಬ್ಯಾರೆ ಭಾಸೆ ಮಾತಾಡ್ತವಲ್ಲ! ದೊರೆಗಳ್ ದೇಸದ್ ರಾಗಿ ಏನಾದ್ರೂ ಬಿತ್ತಿದ್ರಾ?" ಅಂತ ಕೇಳಿದರಂತೆ.

ಎಲ್ಲವೂ ಸರಿ, ದೊಡ್ಡಯ್ಯ? ಅವರು ಗುಡಿಯ ಜಗಲಿಯ ಮೇಲೆ ಕೂತು, ಹೋಗಿ ಬರುವವರಿಗೆಲ್ಲ, "ಕಲೀರಿ ಕಲೀರಿ, ಕೋಗಿಲೆಗಳು" ಅನ್ನುತ್ತಿದ್ದರು. ಅತ್ತೆ ಹೋಗಿ ಕೇಳಿಕೊಂಡರು, ನನ್ನ ಗಂಡ ಹೋಗಿ ಕಾಲು ಮುಟ್ಟಿದರು. ತಲೆ ಅಲ್ಲಾಡಿಸಿಬಿಟ್ಟರು. ಆದರೆ ಅವರ ಸೊಸೆ ಒಂದು ದಿನ ಬಾವಿಯ ಹತ್ತಿರ ನನಗೆ ಕಿವಿಯಲ್ಲಿ ಹೇಳಿದಳು.

"ಯಾರಿಗೂ ಹೇಳ್ಬ್ಯಾಡ ಕಣೆ. ನಾನ್ ಬೀಸಕ್ಕೆ ಕೂತ್ರೆ ನಮ್ ಮಾವ ಗ್ವಾಡೆ ಆಚೆ ಎದ್ದು ಕೂತ್ಕೋತಾರೆ. ನಿನ್ನೆ ಬ್ಯಾಗ ನಿಲ್ಲಿಸ್ಬಿಟ್ಟೆ. 'ಯಾಕವ್ವ, ಅಷ್ಟೇನಾ ರಾಗಿ?' ಅಂತ ಕೇಳಿದ್ರು. ಇದ್ ರಾಗಿಯೆಲ್ಲ ಬೀಸಾಯ್ತು ಅಂದ್ರೆ, 'ಜೋಳ ಐತಲ್ಲ' ಅಂತಾರೆ!"

ಮುಂದಿನ ತಿಂಗಳ ಆ ಭಾನುವಾರ ಸ್ವಾಮಿಗಳು ಬಿಷಪ್ಪರ ಅಪ್ಪಣೆಯ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಬಂದರು. ದೊಡ್ಡಯ್ಯ ಮಾತಿಲ್ಲದೆ ಬಾಗಿಲು ತೆರೆದು ಹೋಗಿ ಗಂಡಸರ ಸಾಲಿನ ಕಡೆಯಲ್ಲಿ, ಗೋಡೆಗೆ ಒರಗಿ ಕೂತರು. ಸ್ವಾಮಿಗಳು ಮೊದಲ ಮಾತು ಹೇಳಿದರು. ಆಗ ಎದ್ದ ದನಿ ಇದೆಯಲ್ಲ, ಮಗಳೇ, ಅದನ್ನು ಬರೆದು ತೋರಿಸಲು ನನ್ನ ಮೂರನೇ ಕ್ಲಾಸು ಸಾಲದು. ಹೆಂಗಸರು, ಗಂಡಸರು, ಮುದುಕರು, ಸೊಂಟದ ಮೇಲೆ ಕೂಸಿದ್ದವರು, ಎಲ್ಲರೂ ಒಟ್ಟಿಗೆ! ಹೆಂಚಿನ ಮೇಲಿದ್ದ ಪಾರಿವಾಳಗಳು ಪಟಪಟ ಹಾರಿದವು. ನನ್ನ ಗಂಡ ಕಟಕಟೆಯೊಳಗೆ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದರು. ಅತ್ತೆ ಜಪಸರ ತಂದಿದ್ದರು, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಿಟ್ಟರು. ಅವತ್ತು ತೂಕಡಿಸಲೇ ಇಲ್ಲ. ಸ್ವಾಮಿಗಳು ನಮ್ಮ ಕಡೆ ತಿರುಗಿ, ಕೈ ಚಾಚಿ, ದೇವರು ನಿಮ್ಮೊಂದಿಗೆ ಇರಲಿ ಅಂದಾಗಲೆಲ್ಲ ನಾವು "ಎತ್ ಕುಂ ಸ್ಪಿರಿತು ತುವೊ" ಅಂದೆವು, ನಿಮ್ಮ ಆತ್ಮದೊಂದಿಗೂ ಇರಲಿ ಅಂತ. ಪ್ರತಿ ಸಲ ಅವರ ಕಣ್ಣು ಗಂಡಸರ ಸಾಲಿನ ಕಡೆಗೆ, ಗೋಡೆಯ ಹತ್ತಿರಕ್ಕೆ ಹೋಗುತ್ತಿತ್ತು. ನಾನೂ ವಾರೆಗಣ್ಣಿನಲ್ಲಿ ನೋಡುತ್ತಿದ್ದೆ. ದೊಡ್ಡಯ್ಯನ ತುಟಿ ಬಿಗಿದೇ ಇತ್ತು.

ಪೂಜೆ ಮುಗಿಯುತ್ತಾ ಬಂತು. ಎಲ್ಲರೂ ಅಂದರೆ ಎಲ್ಲರೂ ಅಂದಿದ್ದರಲ್ಲ ಸ್ವಾಮಿಗಳು. ಸ್ವಾಮಿಗಳು ಕಡೆಯ ಓದು ಓದಿ ಮುಗಿಸಿದರು. ಅದಕ್ಕೆ ಉತ್ತರ ಎರಡೇ ಮಾತು, ದೇವರಿಗೆ ವಂದನೆ ಅಂತ.

"ದೇವೊ ಗ್ರಾತ್ಸಿಯಾಸ್" ಅಂದೆವು.

ಗುಡಿ ಸುಮ್ಮನಾಯಿತು. ಸ್ವಾಮಿಗಳು ಪುಸ್ತಕ ಮುಚ್ಚದೆ ನಿಂತೇ ಇದ್ದರು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು.

ಆಮೇಲೆ ಗೋಡೆಯ ಹತ್ತಿರದಿಂದ, ಹೊಲದಲ್ಲಿ ದೂರದವರನ್ನು ಕೂಗುವ ದನಿಯಲ್ಲಿ, "ದೇವೊ ಗ್ರಾತ್ಸಿಯಾಸ್!"

ಹಲ್ಲಿಲ್ಲದ ಬಾಯಿ. ಆದರೂ ಒಂದು ಅಕ್ಷರ ತಪ್ಪಿರಲಿಲ್ಲ. ಸ್ವಾಮಿಗಳು ಪುಸ್ತಕ ಮುಚ್ಚಿದರು. ಅವರ ಗಡ್ಡ ಅಲ್ಲಾಡುತ್ತಿತ್ತು, ನಗುತ್ತಿದ್ದರು.

ಹೊಂಗೆ ಮರದ ಕೆಳಗೆ ಅವರು ಸೈಕಲ್ಲಿನ ಚೀಲದಿಂದ ಸಣ್ಣ ಪುಸ್ತಕ ತೆಗೆದು, ಬರುವ ತಿಂಗಳ ಭಾನುವಾರ ಯಾವುದು ಅಂತ ಬರೆದ ಗುರುತು ತೋರಿಸಿದರು. ಅದರ ಮುಂದಿನ ತಿಂಗಳದೂ. ದೊಡ್ಡಯ್ಯ ಬಗ್ಗಿ ನೋಡಿ, "ಹರೇವು ಅಂತ ಬರೋ ಆ ಮೊದಲ್ನೇದು ಮಾತ್ರ ನಾನ್ ಹೇಳಕಿಲ್ಲ, ಈಗ್ಲೇ ಹೇಳಿರ್ತೀನಿ" ಅಂದರು. "ಬೇಡ, ಆದರೆ ಉಳಿದದ್ದು ಹೇಳಿ" ಅಂದರು ಸ್ವಾಮಿಗಳು. ಅತ್ತೆ ಅವತ್ತು ಊಟಕ್ಕೆ ದೊಡ್ಡಯ್ಯನನ್ನೂ ಕರೆದು, ಹಿಸುಕಿದ ಅವರೆಕಾಳಿನ ಸಾರನ್ನು ಮೊದಲು ಅವರಿಗೇ ಬಡಿಸಿದರು.

ಅತ್ತೆ ಇನ್ನೂ ಒಂಬತ್ತು ವರ್ಷ ಬದುಕಿದರು. ಕಡೆಯ ತಿಂಗಳವರೆಗೂ ನಲವತ್ತು ಹೆಜ್ಜೆ ನಡೆದು ಅದೇ ಗುಡಿಯಲ್ಲಿ ಪ್ರಸಾದ ತೆಗೆದುಕೊಂಡರು. ನಾನು ಹೆರಿಗೆಗೆ ತವರಿಗೆ ಹೋದಾಗಲೂ ಒಂದು ಪೂಜೆ ನಿಲ್ಲಲಿಲ್ಲ. ದೊಡ್ಡಯ್ಯ ಬದುಕಿದ್ದಷ್ಟು ದಿನ ಉತ್ತರ ಹೇಳಿದರು, ಪ್ರತಿ ಸಲವೂ ಎಲ್ಲರಿಗಿಂತ ಒಂದು ಉಸಿರು ತಡವಾಗಿ. ಸ್ವಾಮಿಗಳು ಅವರಿಗಾಗಿ ಕಾಯುತ್ತಿದ್ದರು. ನಮಗೂ ಕಾಯುವುದು ಅಭ್ಯಾಸವಾಯಿತು, ಅವರ ದನಿ ಬಾರದೆ ಮುಗಿಯಿತು ಅನ್ನಿಸುತ್ತಿರಲಿಲ್ಲ.

ಈಗ ನಿಮ್ಮ ಚರ್ಚಿನಲ್ಲಿ ಎಲ್ಲವೂ ಕನ್ನಡ, ಎಲ್ಲರೂ ಕೂಡಿ ಉತ್ತರ ಹೇಳುತ್ತೀರಿ, ಯಾರಿಗೂ ಅದು ದೊಡ್ಡ ವಿಷಯವಲ್ಲ. ಹಾಗೇ ಇರಬೇಕು. ನಾನೂ ಹೇಳುತ್ತೇನೆ. ಆದರೆ ನೀನು ಪೀಠದ ಹತ್ತಿರದಿಂದ ಒಂದು ಸಲ ಗಮನಿಸು ಮಗಳೇ. ಎಲ್ಲರೂ ಹೇಳಿ ಮುಗಿಸಿದ ಮೇಲೂ ನಿನ್ನ ಅಜ್ಜಿಯ ತಲೆ ಗಂಡಸರ ಸಾಲಿನ ಕಡೆಗೆ, ಗೋಡೆಯ ಹತ್ತಿರಕ್ಕೆ ತಿರುಗಿರುತ್ತದೆ. ಒಂದು ಉಸಿರು ಕಾದು, ಆಮೇಲೆ ಕೂರುತ್ತೇನೆ.